ತೆರಿಗೆ ರಿಟರ್ನ್: ಸರ್ಕಾರಿ ಮಾರ್ಗದರ್ಶಿಯನ್ನು ಎಲ್ಲಿಂದ ಓದಬೇಕು?

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ನಿವೃತ್ತ ಶಿಕ್ಷಕ, ವಯಸ್ಸು 66. ಪಿಂಚಣಿ ಮತ್ತು ಠೇವಣಿಯ ಬಡ್ಡಿಯ ಜೊತೆಗೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿರುವ ನಾಲ್ಕು ಎಕರೆ ಭತ್ತದ ಗದ್ದೆಯನ್ನು ಗುತ್ತಿಗೆಗೆ ಕೊಟ್ಟು ವರ್ಷಕ್ಕೆ ಸುಮಾರು 1 ಲಕ್ಷ ರೂಪಾಯಿ ಪಡೆಯುತ್ತೇನೆ. ಇಷ್ಟು ದಿನ ಪಟ್ಟಣದ ಕಂಪ್ಯೂಟರ್ ಕೇಂದ್ರದವರು ‘ಸಹಜ್’ ಎಂಬ ಸರಳ ನಮೂನೆಯಲ್ಲಿ ರಿಟರ್ನ್ ತುಂಬಿ ಕೊಡುತ್ತಿದ್ದರು. 2025-26ರ ಆದಾಯಕ್ಕೆ ನಾನೇ ಸಲ್ಲಿಸಬೇಕೆಂದಿದ್ದೇನೆ. ಆದರೆ ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಕೈಪಿಡಿ, ಸೂಚನೆ, ಪ್ರಶ್ನೋತ್ತರ ಎಂದು ಹಲವು ಬಗೆಯ ಮಾರ್ಗದರ್ಶಿಗಳಿವೆ. ಯಾವುದನ್ನು ಮೊದಲು ಓದಬೇಕು?

ಉತ್ತರ: ಇಲಾಖೆಗೆ ಎರಡು ಜಾಲತಾಣಗಳಿವೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ರಿಟರ್ನ್ ಸಲ್ಲಿಸುವ ಇ-ಫೈಲಿಂಗ್ ತಾಣ ಒಂದು. ಕಾಯ್ದೆ, ನಿಯಮ, ಸುತ್ತೋಲೆ ಮತ್ತು ತೆರಿಗೆದಾರರಿಗಾಗಿ ಬರೆದ ಕಿರುಪುಸ್ತಿಕೆಗಳಿರುವ ತಾಣ ಇನ್ನೊಂದು. ಇವೆರಡರ ವಿಳಾಸವೂ ‘ಜಿಒವಿ ಡಾಟ್ ಇನ್’ ಎಂದೇ ಕೊನೆಗೊಳ್ಳುತ್ತದೆ. ಬೇರೆ ವಿಳಾಸದ ಪುಟ ಎಷ್ಟೇ ಅಧಿಕೃತವಾಗಿ ಕಂಡರೂ ಅಲ್ಲಿ ಪ್ಯಾನ್ ಸಂಖ್ಯೆಯನ್ನಾಗಲಿ ಪಾಸ್‌ವರ್ಡನ್ನಾಗಲಿ ಕೊಡಬೇಡಿ.

ಬಳಕೆದಾರರ ಕೈಪಿಡಿಯು ಯಾವ ಗುಂಡಿ ಒತ್ತಿದರೆ ಯಾವ ಪುಟ ತೆರೆಯುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು ನಿಮ್ಮ ಆದಾಯ ಯಾವ ನಮೂನೆಗೆ ಸೇರುತ್ತದೆ ಎಂಬ ತೀರ್ಮಾನಕ್ಕೆ ಸಾಲುವುದಿಲ್ಲ. ಆ ತೀರ್ಮಾನಕ್ಕೆ ಬೇಕಾದುದು ನಮೂನೆ ತುಂಬುವ ಸೂಚನೆಗಳು, ಅದರಲ್ಲಿಯೂ ‘ಈ ನಮೂನೆಯನ್ನು ಯಾರು ಬಳಸುವಂತಿಲ್ಲ’ ಎಂಬ ಭಾಗ. ಬಹಳ ಜನ ಇದನ್ನು ದಾಟಿ ಮುಂದೆ ಹೋಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಡೀ ಮಾರ್ಗದರ್ಶಿಯಲ್ಲಿ ಎಲ್ಲಕ್ಕಿಂತ ಮೊದಲು ಓದಬೇಕಾದ ಪುಟ ಇದೇ. ನಿಮ್ಮ ವಿಷಯವಂತೂ ಅಲ್ಲಿಯೇ ಇತ್ಯರ್ಥವಾಗುತ್ತದೆ. ಕೃಷಿ ಆದಾಯ 5,000 ರೂಪಾಯಿ ಮೀರಿದವರು ಸಹಜ್, ಅಂದರೆ ಐಟಿಆರ್-1 (ಆದಾಯ ತೆರಿಗೆ ರಿಟರ್ನಿನ ಒಂದನೇ ನಮೂನೆ), ಬಳಸುವಂತಿಲ್ಲ. ಕೃಷಿಗೆ ಬಳಕೆಯಾಗುವ ಭೂಮಿಯಿಂದ ಬರುವ ಗುತ್ತಿಗೆ ಹಣವನ್ನೂ ಕಾಯ್ದೆ ಕೃಷಿ ಆದಾಯವೆಂದೇ ಪರಿಗಣಿಸುತ್ತದೆ. ವ್ಯಾಪಾರದ ಆದಾಯ ಇಲ್ಲದ ನಿಮಗೆ ಐಟಿಆರ್-2 ಸರಿಯಾದ ನಮೂನೆ.

ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ ಮೇಲೆ ತೋರಿಸುವುದೇಕೆ ಎಂದು ನಮ್ಮ ಭಾಗದ ಅನೇಕರು ಕೇಳುತ್ತಾರೆ. ಅದು ವಿನಾಯಿತಿಗೆ ಒಳಪಟ್ಟಿದೆ ಎಂಬುದು ನಿಜ. ಆದರೆ ನಿವ್ವಳ ಕೃಷಿ ಆದಾಯ 5,000 ರೂಪಾಯಿಗಿಂತ ಹೆಚ್ಚಿದ್ದು, ಪಿಂಚಣಿ-ಬಡ್ಡಿಯಂತಹ ಉಳಿದ ಆದಾಯವು ತೆರಿಗೆರಹಿತ ಮಿತಿಯನ್ನು ದಾಟಿದರೆ, ಉಳಿದ ಆದಾಯಕ್ಕೆ ಅನ್ವಯಿಸುವ ದರವನ್ನು ಲೆಕ್ಕ ಹಾಕುವಾಗ ಕೃಷಿ ಆದಾಯವನ್ನೂ ಸೇರಿಸಿಕೊಳ್ಳಲಾಗುತ್ತದೆ. 2025-26ಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ (ದರ ಕಡಿಮೆ, ಕಡಿತಗಳೂ ಕಡಿಮೆ) ಈ ಮಿತಿ 4 ಲಕ್ಷ. ಹಳೆಯ ಪದ್ಧತಿಯಲ್ಲಿ ನಿಮ್ಮ ವಯಸ್ಸಿನವರಿಗೆ 3 ಲಕ್ಷ. ಆದ್ದರಿಂದ ಗುತ್ತಿಗೆ ಹಣವನ್ನು ವಿನಾಯಿತಿ ಆದಾಯದ ಅನುಸೂಚಿಯಲ್ಲಿ ನಮೂದಿಸಬೇಕು. ನಿವ್ವಳ ಕೃಷಿ ಆದಾಯ 5 ಲಕ್ಷ ಮೀರಿದವರಿಗೆ ಜಿಲ್ಲೆ, ಪಿನ್‌ಕೋಡ್, ಎಕರೆ, ಸ್ವಂತದ್ದೋ ಗುತ್ತಿಗೆಯದ್ದೋ, ನೀರಾವರಿಯೋ ಮಳೆಯಾಶ್ರಿತವೋ ಎಂಬ ವಿವರಗಳನ್ನೂ ಕೇಳುತ್ತಾರೆ. ನಿಮಗೆ ಅದರ ಅಗತ್ಯ ಬೀಳುವುದಿಲ್ಲ.

ಓದುವ ಸೂಚನೆ ಯಾವ ವರ್ಷದ್ದು ಎಂಬುದರ ಮೇಲೂ ಕಣ್ಣಿರಲಿ. 2025-26ರಲ್ಲಿ ಗಳಿಸಿದ ಆದಾಯಕ್ಕೆ 2026-27ರ ಅಸೆಸ್‌ಮೆಂಟ್ ವರ್ಷದ, ಅಂದರೆ ಗಳಿಸಿದ ವರ್ಷದ ಮರುವರ್ಷದ, ನಮೂನೆ ಬೇಕು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದ್ದರೂ ನಿಮ್ಮ ಈ ರಿಟರ್ನಿಗೆ 1961ರ ಕಾಯ್ದೆಯೇ ಅನ್ವಯಿಸುತ್ತದೆ; ಎರಡರ ಮಾರ್ಗದರ್ಶಿಗಳನ್ನು ಬೆರೆಸಿ ಓದಿದರೆ ಸೆಕ್ಷನ್‌ಗಳ ಸಂಖ್ಯೆಯೇ ಹೊಂದುವುದಿಲ್ಲ.

ನಮೂನೆ ತುಂಬುವ ಮೊದಲು ಫಾರಂ 16 (ಪಿಂಚಣಿಯಿಂದ ಕಡಿತವಾದ ತೆರಿಗೆಯ ಪ್ರಮಾಣಪತ್ರ), 26ಎಎಸ್ (ನಿಮ್ಮ ಹೆಸರಿನಲ್ಲಿ ಜಮೆಯಾದ ತೆರಿಗೆಯ ಪಟ್ಟಿ) ಮತ್ತು ಇ-ಫೈಲಿಂಗ್ ತಾಣದಲ್ಲಿ ಸಿಗುವ ವಾರ್ಷಿಕ ಮಾಹಿತಿ ಪಟ್ಟಿಯನ್ನು ಬ್ಯಾಂಕ್ ಪಾಸ್‌ಬುಕ್ಕಿನೊಂದಿಗೆ ಹೋಲಿಸಿ ನೋಡಿ. ಸಲ್ಲಿಸಿದ 30 ದಿನಗಳೊಳಗೆ ಇ-ವೆರಿಫಿಕೇಷನ್ (ರಿಟರ್ನ್ ನಿಮ್ಮದೇ ಎಂಬ ಆನ್‌ಲೈನ್ ದೃಢೀಕರಣ) ಮಾಡಿ. ದೃಢೀಕರಿಸದೆ ಬಿಟ್ಟರೆ ರಿಟರ್ನ್ ಸಲ್ಲಿಸಿದಂತೆ ಆಗುವುದಿಲ್ಲ. ಹಿಂದಿನ ವರ್ಷಗಳಲ್ಲಿ ಗುತ್ತಿಗೆ ಹಣವನ್ನು ಕೈಬಿಟ್ಟಿದ್ದರೆ, ಅದರಿಂದ ತೆರಿಗೆ ಬಾಕಿಯಾಗಿದೆಯೇ ಎಂದು ಒಬ್ಬ ಲೆಕ್ಕಪರಿಶೋಧಕರಿಗೆ ತೋರಿಸಿ ಕೇಳಿ. ಅದಕ್ಕೆ ಮಾರ್ಗದರ್ಶಿಯೊಂದನ್ನೇ ನಂಬಿ ಕೂರಬೇಡಿ.

ಪ್ರಶ್ನೆ: ಕೊಪ್ಪಳದಲ್ಲಿರುವ ನಮ್ಮ ತಾಯಿಗೆ 77 ವರ್ಷ. 75 ದಾಟಿದವರು ರಿಟರ್ನ್ ಸಲ್ಲಿಸಬೇಕಾಗಿಲ್ಲ ಎಂದು ಓದಿದ್ದೇನೆ. ಅವರ ಪಿಂಚಣಿ ಒಂದು ಬ್ಯಾಂಕಿಗೆ ಬರುತ್ತದೆ, ಠೇವಣಿ ಇನ್ನೊಂದು ಬ್ಯಾಂಕಿನಲ್ಲಿದೆ.

ಉತ್ತರ: 1961ರ ಕಾಯ್ದೆಯ ಸೆಕ್ಷನ್ 194ಪಿ ಕೊಡುವ ಈ ರಿಯಾಯಿತಿ ವಯಸ್ಸೊಂದನ್ನೇ ನೋಡುವುದಿಲ್ಲ. ಪಿಂಚಣಿ ಮತ್ತು ಬಡ್ಡಿ ಎರಡೂ ಸರ್ಕಾರ ಸೂಚಿಸಿದ ಒಂದೇ ಬ್ಯಾಂಕಿನಿಂದ ಬರುತ್ತಿರಬೇಕು, ಬೇರೆ ಆದಾಯ ಇರಬಾರದು, 12ಬಿಬಿಎ ನಮೂನೆಯ ಘೋಷಣೆಯನ್ನು ಆ ಬ್ಯಾಂಕಿಗೆ ಕೊಟ್ಟು ಬ್ಯಾಂಕೇ ತೆರಿಗೆ ಕಡಿತ ಮಾಡಿರಬೇಕು. ಠೇವಣಿ ಬೇರೆ ಬ್ಯಾಂಕಿನಲ್ಲಿರುವುದರಿಂದ ನಿಮ್ಮ ತಾಯಿಗೆ ಇದು ಸಿಗುವುದಿಲ್ಲ. ಒಟ್ಟು ಆದಾಯ ತೆರಿಗೆರಹಿತ ಮಿತಿಯನ್ನು ದಾಟುವುದಾದರೆ ಜುಲೈ 31ರೊಳಗೆ ಅವರ ರಿಟರ್ನ್ ಸಲ್ಲಿಸಿ.