ಹಳೇ ಟೊಯೋಟಾ ಕ್ಯಾಮ್ರಿ ಕಾರಿಗೆ 2030ರವರೆಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಇದೆ. ನಂಬಿ ತಗೊಳ್ಳಬಹುದಾ?

ಬರೀ ಎಫ್‌ಸಿ ನಂಬಿ ತಗೋಬೇಡಿ. ನೀವು ಕಾರವಾರದಲ್ಲಿ ನೋಡಿದ್ದು 2015ರ ಕಾರು ಅಲ್ವಾ? ಆ ಎಫ್‌ಸಿ ನೋಂದಣಿಯ ಹೊತ್ತಿಗೇ ಸಿಕ್ಕಿದ್ದು. ನಮ್ಮಲ್ಲಿ ಖಾಸಗಿ ಕಾರಿಗೆ ಒಂದೇ ಸಲ 15 ವರ್ಷ ಕೊಡುತ್ತಾರೆ. ಇಷ್ಟು ವರ್ಷ ಅದರ ಅಡಿಗೆ ಯಾವ ಅಧಿಕಾರಿಯೂ ಬಗ್ಗಿ ನೋಡಿರಬೇಕೆಂದೇನಿಲ್ಲ. ಬ್ರಿಟನ್‌ನಲ್ಲಿ 3 ವರ್ಷದ ನಂತರ ಪ್ರತಿವರ್ಷ ತಪಾಸಣೆ ಇದೆ, ಓಡಿದ ಮೈಲಿಯನ್ನೂ ಬರೆದಿಡುತ್ತಾರೆ.

ನಮಗೆ ಇರುವುದು ಸರ್ವಿಸ್ ಬಿಲ್‌ಗಳು. ಎಲ್ಲವನ್ನೂ ತಾರೀಕಿನ ಪ್ರಕಾರ ಸಾಲಾಗಿ ಹರವಿ. 2019ರಲ್ಲಿ 82,000 ಕಿ.ಮೀ. ಇದ್ದದ್ದು 2021ರಲ್ಲಿ 61,000 ಆಗಿದ್ದರೆ ಬಿಲ್ ತಪ್ಪಿರಬೇಕು, ಇಲ್ಲ ಮೀಟರ್ ತಿರುಗಿಸಿರಬೇಕು. ಸಾಲಾಗಿ ಮೂರು ಬಿಲ್‌ನಲ್ಲೂ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ತುಂಬಿಸಿದ್ದಾರಾ? ಎಲ್ಲೋ ಸೋರುತ್ತಿರಬಹುದು, ಸುಮ್ನೆ ತುಂಬಿಸುತ್ತಾ ಬಂದಿರಬಹುದು. ಬ್ರೇಕ್ ಪ್ಯಾಡ್, ಟೈರ್ ಬದಲಿಸಿದ್ದಕ್ಕೆ ಹೆದರಬೇಡಿ, ಅವು ಸವೆಯುವ ಸಾಮಾನು.

ಬಿಲ್‌ನಲ್ಲಿ ಕಾಣದ್ದು ತುಕ್ಕು. ಕರಾವಳಿಯ ಉಪ್ಪುಗಾಳಿ, ಅದರ ಮೇಲೆ ನಮ್ಮ ಮಳೆಗಾಲ. ಕೆಎ-30 (ಕಾರವಾರ), ಕೆಎ-47 (ಹೊನ್ನಾವರ) ನಂಬರಿನ ಕಾರಾದರೆ ಲಿಫ್ಟ್ ಮೇಲೆ ಏರಿಸಿಯೇ ನೋಡಿ. ಡಿಕ್ಕಿಯ ಕಾರ್ಪೆಟ್ಟೂ ಎತ್ತಿ. ಒಮ್ಮೆ ನಾನು ಎತ್ತಿದಾಗ ಸ್ಟೆಪ್ನಿ ಗುಂಡಿಯಲ್ಲಿ ಕಂದು ನೀರು ನಿಂತಿತ್ತು. ಹೊರಗೆ ಪಾಲಿಶ್ ಮಾತ್ರ ಫಳಫಳ!