ಓದುಗರ ಪ್ರಶ್ನೆ – ನಮ್ಮ ಉತ್ತರ: ಗಣಿಯ ಇಕ್ಕಟ್ಟಿನಲ್ಲಿ ಕಲ್ಲಿದ್ದಲು ಕೊರೆಯುವ ವಿದ್ಯುತ್ ಯಂತ್ರಗಳು

ಪ್ರಶ್ನೆ: ಮಾನ್ಯರೇ, ನಮ್ಮ ಅಡಿಕೆ ತೋಟಕ್ಕೆ ನೀರು ಬರುವುದು ಹಿಂದಿನ ಗುಡ್ಡಕ್ಕೆ ಅಜ್ಜನ ಕಾಲದಲ್ಲಿ ಕೊರೆಸಿದ ಸುರಂಗದಿಂದ. ಈಚೆಗೆ ಬೇಸಗೆಯಲ್ಲಿ ನೀರಿನ ಧಾರೆ ಸಪೂರವಾಗುತ್ತಿದೆ. ಇನ್ನೂ ಒಳಕ್ಕೆ ಕೊರೆಸೋಣವೆಂದರೆ ಸುರಂಗದ ಕೆಲಸ ಬಲ್ಲವರು ಸಿಗುವುದಿಲ್ಲ. ಕೆಂಪುಕಲ್ಲಿನ ಕೋರೆಗಳಿಗೆ ಚಕ್ರದ ಮೆಷಿನ್ ಬಂದಿರುವಂತೆ, ಕಲ್ಲಿದ್ದಲು ಗಣಿಯ ಇಕ್ಕಟ್ಟಾದ ದಾರಿಗಳಲ್ಲಿ ಕರೆಂಟಿನಿಂದ ಓಡುವ ಕೊರೆಯುವ ಯಂತ್ರಗಳಿವೆ ಎಂದು ಕೇಳಿದ್ದೇನೆ. ಅವು ಹೇಗೆ ಕೆಲಸ ಮಾಡುತ್ತವೆ? ಅಂಥದೊಂದನ್ನು ಸುರಂಗದೊಳಗೆ ಒಯ್ಯಬಹುದೇ?
– ಬಾಯಾರಿನ ಕೃಷಿಕರೊಬ್ಬರು

ಉತ್ತರ: ತಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಒಯ್ಯಲಾಗದು. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ಸುರಂಗಗಳು ಸಾಮಾನ್ಯವಾಗಿ ಎರಡು, ಎರಡೂವರೆ ಅಡಿ ಅಗಲ ಮತ್ತು ಒಬ್ಬ ಮನುಷ್ಯ ನಿಂತು ನಡೆಯುವಷ್ಟು ಎತ್ತರ ಇರುತ್ತವೆ. ಪಿಕ್ಕಾಸು ಬೀಸುವುದಕ್ಕೆ ಬೇಕಾದಷ್ಟೇ ಜಾಗ, ಅದಕ್ಕಿಂತ ಒಂದು ಗೇಣೂ ಹೆಚ್ಚಿಲ್ಲ. ಕಲ್ಲಿದ್ದಲು ಗಣಿಯವರು ಇಕ್ಕಟ್ಟೆಂದು ಕರೆಯುವ ದಾರಿಯ ಅಳತೆ ಬೇರೆಯೇ. ನಮ್ಮ ದೇಶದ ಭೂಗತ ಗಣಿಗಳಲ್ಲಿ ಹೆಚ್ಚಿನವು ಕಂಬಗಳನ್ನು ಉಳಿಸಿಕೊಂಡು ಅಡ್ಡ ಉದ್ದ ದಾರಿ ಕೊರೆಯುವ ಪದ್ಧತಿಯವು. ಈ ದಾರಿಗಳಿಗೆ ಗ್ಯಾಲರಿಯೆಂದು ಹೆಸರು. 1957ರ ಕಲ್ಲಿದ್ದಲು ಗಣಿ ನಿಯಮಾವಳಿಯು ಇವುಗಳ ಅಗಲಕ್ಕೆ 4.8 ಮೀಟರ್, ಎತ್ತರಕ್ಕೆ 3 ಮೀಟರ್ ಎಂಬ ಮಿತಿಯನ್ನು ಹಾಕಿತ್ತು. ನೂರಾರು ಮೀಟರ್ ಉದ್ದದ ಗೋಡೆಯನ್ನು ಒಂದೇ ಸಮನೆ ಕತ್ತರಿಸುತ್ತ ಹೋಗುವ ಲಾಂಗ್‌ವಾಲ್ ಪದ್ಧತಿಗೆ ಹೋಲಿಸಿದಾಗ ಇದು ಇಕ್ಕಟ್ಟೇ ಸರಿ, ಆದರೆ ಸುರಂಗದವರ ಕಣ್ಣಿಗೆ ಇದು ಅಂಗಳ. ಅಲ್ಲಿ ಓಡಾಡುತ್ತಿದ್ದ ಯಂತ್ರಗಳಲ್ಲಿ ಚಿಕ್ಕವೂ ಟನ್‌ಗಟ್ಟಲೆ ತೂಗುತ್ತಿದ್ದವು.

ಈಗ ಅವು ಕೆಲಸ ಮಾಡುವ ಬಗೆ. ಹೊರಗಿನವರು ಊಹಿಸುವಂತೆ ಈ ಹಳೆಯ ಯಂತ್ರ ಕಲ್ಲಿದ್ದಲನ್ನೆಲ್ಲ ತಾನೇ ಕಡಿದು ಹಾಕುವುದಿಲ್ಲ. ಎದುರಿನ ಕಲ್ಲಿದ್ದಲಿನ ಗೋಡೆಯ ಬುಡದಲ್ಲಿ, ನೆಲಕ್ಕೆ ಸಮನಾಗಿ, ನಾಲ್ಕೈದು ಇಂಚು ದಪ್ಪದ ಒಂದು ಸೀಳನ್ನು ಮಾಡಿ ಕೊಡುವುದಷ್ಟೇ ಅದರ ಕೆಲಸ. ಸೀಳಿನ ಆಳ ನಾಲ್ಕರಿಂದ ಏಳು ಅಡಿ. ಹೀಗೆ ಬುಡ ತಪ್ಪಿದ ಗೋಡೆಗೆ ಮೇಲ್ಗಡೆ ತೂತು ಕೊರೆದು ಸಿಡಿಮದ್ದು ತುಂಬಿ ಹಾರಿಸಿದರೆ, ಕಲ್ಲಿದ್ದಲಿಗೆ ಕೆಳಮುಖವಾಗಿ ಬೀಳಲು ಜಾಗ ಇರುವುದರಿಂದ ಕಡಿಮೆ ಮದ್ದಿನಲ್ಲಿ ದೊಡ್ಡ ದೊಡ್ಡ ಹೆಂಟೆಗಳಾಗಿ ಉರುಳುತ್ತದೆ. ಸೀಳಿಲ್ಲದೆ ಹಾರಿಸಿದರೆ ಮದ್ದಿನ ಶಕ್ತಿ ಗೋಡೆಯನ್ನು ಪುಡಿ ಮಾಡುವುದರಲ್ಲಿ ಮತ್ತು ಛಾವಣಿಯನ್ನು ಅಲುಗಿಸುವುದರಲ್ಲಿ ಖರ್ಚಾಗುತ್ತದೆ. ಯಂತ್ರಗಳು ಬರುವ ಮೊದಲು ಈ ಸೀಳನ್ನು ಮನುಷ್ಯರೇ ಮಾಡುತ್ತಿದ್ದರು. ಮಗ್ಗುಲಾಗಿ ನೆಲದ ಮೇಲೆ ಮಲಗಿ, ತಲೆಯ ಮೇಲೆಯೇ ಕಲ್ಲಿದ್ದಲು ತೂಗುತ್ತಿರುವಾಗ, ಪಿಕ್ಕಾಸಿನ ತುದಿಯಿಂದ ಗಂಟೆಗಟ್ಟಲೆ ಕೆತ್ತಬೇಕಾಗಿತ್ತು. ಮಿಕ್ಕ ಯಾವ ಕೆಲಸಕ್ಕೂ ಮೊದಲು ಇದಕ್ಕೇ ಯಂತ್ರ ಹುಡುಕಿದ್ದು ಸಹಜ. ಬ್ರಿಟನ್ನಿನಲ್ಲಿ ಮೈಕೆಲ್ ಮೆಂಜೀಸ್ ಎಂಬಾತ 1761ರಷ್ಟು ಹಿಂದೆಯೇ ಇದಕ್ಕಾಗಿ ಪೇಟೆಂಟ್ ಪಡೆದಿದ್ದ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಒತ್ತಡದ ಗಾಳಿಯಿಂದ ಓಡುವ ಯಂತ್ರಗಳು ಬಂದವು, ಆ ಶತಮಾನದ ಕೊನೆಯ ಎರಡು ದಶಕಗಳಲ್ಲಿ ವಿದ್ಯುತ್ತಿನವು.

ಮೊದಮೊದಲ ಯಂತ್ರಗಳಲ್ಲಿ ಒಂದು ಜಾತಿಗೆ, ತಮ್ಮ ಊರಿನ ಕೋರೆಯ ಮೆಷಿನ್ನಿಗೆ ಇರುವಂತೆಯೇ, ಅಂಚಿಗೆ ಹಲ್ಲು ಕೂರಿಸಿದ ಚಕ್ರವಿತ್ತು. ವ್ಯತ್ಯಾಸವೆಂದರೆ ಅದು ಮಲಗಿಕೊಂಡು ತಿರುಗುತ್ತಿತ್ತು. ಮೇಲಿನ ಕಲ್ಲಿದ್ದಲು ಸ್ವಲ್ಪ ಕುಸಿದರೂ ಚಕ್ರ ಸೀಳಿನೊಳಗೆ ಸಿಕ್ಕಿಬೀಳುತ್ತಿದ್ದುದರಿಂದ ಕ್ರಮೇಣ ಚೈನಿನ ಯಂತ್ರವೇ ಗೆದ್ದಿತು. ಇದರಲ್ಲಿ ಯಂತ್ರದ ಮೈಯಿಂದ ಮುಂದಕ್ಕೆ ಚಾಚಿದ ಚಪ್ಪಟೆಯಾದ ಉಕ್ಕಿನ ತೋಳೊಂದಿದೆ. ಅದಕ್ಕೆ ಜಿಬ್ ಎನ್ನುತ್ತಾರೆ. ಜಿಬ್‌ನ ಅಂಚಿನ ಸುತ್ತ ಚೈನ್ ಓಡುತ್ತದೆ, ಚೈನಿನ ಪ್ರತಿ ಗೂಡಿಗೆ ಒಂದೊಂದು ಉಳಿ. ಎಲ್ಲ ಉಳಿಗಳೂ ನೇರ ಮುಂದಕ್ಕೆ ಮುಖ ಮಾಡಿರುವುದಿಲ್ಲ. ಒಂದು ನೇರ, ಒಂದು ಮೇಲಕ್ಕೆ, ಒಂದು ಕೆಳಕ್ಕೆ ಎಂಬ ಕ್ರಮದಲ್ಲಿ ಓರೆಯಾಗಿ ಕೂರಿಸಿರುತ್ತಾರೆ. ಆಗ ಸೀಳು ಜಿಬ್‌ಗಿಂತ ದಪ್ಪವಾಗಿ ಬಿದ್ದು, ಜಿಬ್ ಉಜ್ಜಿಕೊಂಡು ಸಿಕ್ಕಿಹಾಕಿಕೊಳ್ಳುವುದಿಲ್ಲ. ಒಂದು ಸಾಲಿನ ಉಳಿಗಳು ಮೊಂಡಾದರೆ ಸಾಕು, ಯಂತ್ರ ನೆಲ ಬಿಟ್ಟು ಏರುವುದಕ್ಕೋ ನೆಲಕ್ಕೆ ಕಚ್ಚುವುದಕ್ಕೋ ಶುರುಮಾಡುತ್ತದೆ. ಗೋದಾವರಿ ಕಣಿವೆಯ ಗಣಿಯಲ್ಲಿ ನಾನು ವಿದ್ಯುತ್ ವಿಭಾಗದಲ್ಲಿದ್ದಾಗ, ಮೋಟಾರ್ ಬಿಸಿಯಾಗುತ್ತಿದೆಯೆಂದು ಕರೆ ಬಂದರೆ ನಾವು ಮೊದಲು ಮುಟ್ಟಿ ನೋಡುತ್ತಿದ್ದುದು ಉಳಿಗಳ ತುದಿಯನ್ನು, ಮೋಟಾರನ್ನಲ್ಲ. ಸೀಳಿನೊಳಗಿನ ಪುಡಿಯನ್ನು ಆಗಿಂದಾಗ್ಗೆ ಹೊರಕ್ಕೆ ಎಳೆಯದಿದ್ದರೂ ಅದೇ ಪಾಡು: ಚೈನ್ ಆ ಪುಡಿಯನ್ನೇ ಮತ್ತೆ ಮತ್ತೆ ಅರೆಯುತ್ತದೆ, ಕರೆಂಟ್ ಹೆಚ್ಚು ಎಳೆಯುತ್ತದೆ, ಮೇಲಾಗಿ ಸೀಳು ತುಂಬಿಕೊಂಡರೆ ಅದನ್ನು ಮಾಡಿದ ಉದ್ದೇಶವೇ ಕೆಡುತ್ತದೆ.

ಇಕ್ಕಟ್ಟಿನ ಸಮಸ್ಯೆ ಎದುರಾಗುವುದು ಯಂತ್ರವನ್ನು ತಿರುಗಿಸುವಲ್ಲಿ. ಲಾಂಗ್‌ವಾಲ್ ಯಂತ್ರ ಗೋಡೆಗೆ ಸಮಾನಾಂತರವಾಗಿ ಮಲಗಿ ಜಿಬ್ಬನ್ನು ಮಗ್ಗುಲಿಗೆ ಚಾಚುತ್ತದೆ. ಹದಿನೈದು, ಹದಿನಾರು ಅಡಿ ಅಗಲದ ಗ್ಯಾಲರಿಯಲ್ಲಿ ಅದಕ್ಕೆ ಮಗ್ಗುಲಾಗಲು ಎಡೆಯಿಲ್ಲ. ಆದುದರಿಂದ ಇಲ್ಲಿಗಾಗಿಯೇ ಶಾರ್ಟ್‌ವಾಲ್ ಯಂತ್ರವನ್ನು ಮಾಡಿದರು. ಅದರ ಜಿಬ್ ಮೂತಿಯಿಂದ ನೇರ ಮುಂದಕ್ಕಿರುತ್ತದೆ. ಗ್ಯಾಲರಿಯ ಒಂದು ಮೂಲೆಯಲ್ಲಿ ಅದು ಗೋಡೆಯೊಳಕ್ಕೆ ಜಿಬ್ಬನ್ನು ನೂಕಿ, ಆಮೇಲೆ ಎದುರು ಮೂಲೆಯ ಆಸರೆಕಂಬಕ್ಕೆ ಬಿಗಿದ ತಂತಿಹಗ್ಗವನ್ನು ತನ್ನದೇ ಉರುಳೆಗೆ ಸುತ್ತಿಕೊಳ್ಳುತ್ತ ಅಡ್ಡಕ್ಕೆ ಸರಿಯುತ್ತದೆ. ಇನ್ನೊಂದು ಜಾತಿಯಾದ ಆರ್ಕ್‌ವಾಲ್ ಯಂತ್ರವಂತೂ ಗ್ಯಾಲರಿಯ ನಡುವೆ ನಿಂತಲ್ಲಿಯೇ ನಿಂತು ಜಿಬ್ಬನ್ನು ಮಾತ್ರ ಎಡದಿಂದ ಬಲಕ್ಕೆ ಕಮಾನಿನಂತೆ ಬೀಸುತ್ತದೆ. ಸೀಳಾದ ಕೂಡಲೇ ತೂಗುತ್ತಿರುವ ಕಲ್ಲಿದ್ದಲಿಗೆ ಅಡಿಯಿಂದ ಮರದ ಬೆಣೆ ಕೊಡಬೇಕು. ಇದನ್ನು ಮರೆತಲ್ಲಿ, ಮದ್ದು ತುಂಬಲು ಬಂದವರ ಮೇಲೆ ಗೋಡೆ ತಾನಾಗಿ ಬೀಳಬಹುದು.

ತಮ್ಮ ಸುರಂಗದ ಮಾತಿಗೆ ಬರುವುದಾದರೆ, ಕೈಯಲ್ಲಿ ಹಿಡಿಯುವ ವಿದ್ಯುತ್ ಬ್ರೇಕರ್ ಒಂದೇ ಅಲ್ಲಿಗೆ ಹೊಂದೀತು. ಅದಕ್ಕೂ ನೆಲ ಮತ್ತು ಗೋಡೆ ಒದ್ದೆಯಿರುವ ಜಾಗದಲ್ಲಿ 30 ಮಿಲಿಆಂಪಿಯರ್ ಕರೆಂಟ್ ಸೋರಿದೊಡನೆ ಕಡಿಯುವ ಆರ್‌ಸಿಸಿಬಿ ಎಂಬ ಸುರಕ್ಷಾ ಸ್ವಿಚ್ಚು ಹಾಕದೆ ಕೈಹಚ್ಚಬಾರದು. ಕಲ್ಲಿದ್ದಲು ಗಣಿಯಲ್ಲಿ ಕೈಯಲ್ಲಿ ಹಿಡಿಯುವ ಡ್ರಿಲ್ಲಿಗೆ 125 ವೋಲ್ಟ್ ಮಾತ್ರ ಕೊಡುವುದು ಇದೇ ಭಯದಿಂದ. ಪೆಟ್ರೋಲ್ ಅಥವಾ ಡೀಸೆಲ್ ಎಂಜಿನನ್ನು ಸುರಂಗದ ಬಾಯಿಯ ಬಳಿಗೂ ತರಬೇಡಿ. ನಮ್ಮ ಕಡೆಯ ಸುರಂಗದವರು ಗಾಳಿಯ ಪರೀಕ್ಷೆಗೆ ಮೇಣದ ಬತ್ತಿಯನ್ನು ನಂಬುತ್ತಾರೆ, ಅದರಲ್ಲಿ ಅರ್ಥವೂ ಇದೆ: ಆಮ್ಲಜನಕ ಸುಮಾರು ನೂರಕ್ಕೆ 16ರ ಹತ್ತಿರ ಇಳಿದಾಗ ಬತ್ತಿ ಆರುತ್ತದೆ, ಮನುಷ್ಯ ಹೊರಗೋಡಲು ಇನ್ನೂ ಸಮಯವಿರುತ್ತದೆ. ಆದರೆ ಎಂಜಿನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡನ್ನು ಬತ್ತಿ ತೋರಿಸದು; ಅದು ಚೆನ್ನಾಗಿ ಉರಿಯುತ್ತಿರುವಾಗಲೇ ಮನುಷ್ಯ ಕುಸಿದು ಬೀಳುತ್ತಾನೆ. ಮುಖ್ಯವಾಗಿ, ಒಳಕ್ಕೆ ಮುಂದುವರಿಸುವ ಮೊದಲು ಸುರಂಗದ ಅನುಭವವಿರುವ ಒಬ್ಬರಿಗಾದರೂ ಛಾವಣಿಯ ಮಣ್ಣನ್ನು ತೋರಿಸಿ.

ಪ್ರಶ್ನೆ: ನಾನು ಎಲೆಕ್ಟ್ರಿಷಿಯನ್ ಟ್ರೇಡಿನಲ್ಲಿ ಐಟಿಐ ಮುಗಿಸಿದ್ದೇನೆ. ಕಲ್ಲಿದ್ದಲು ಗಣಿಯಲ್ಲಿ ಮೀಥೇನ್ ಅನಿಲವಿರುವಾಗ ಮೋಟಾರಿನ ಕಿಡಿಯಿಂದ ಸ್ಫೋಟವಾಗುವುದಿಲ್ಲವೇ? ಫ್ಲೇಮ್‌ಪ್ರೂಫ್ ಎಂದರೆ ಅನಿಲ ಒಳಗೆ ಹೋಗದಂತೆ ಸೀಲ್ ಮಾಡಿದ ಪೆಟ್ಟಿಗೆಯೇ?
– ಬದಿಯಡ್ಕದ ಯುವಕರೊಬ್ಬರು

ಉತ್ತರ: ಅಲ್ಲ. ಗಣಿಯ ಕೆಲಸಕ್ಕೆ ಸೇರುವುದಿದ್ದರೆ ಈ ತಪ್ಪು ಕಲ್ಪನೆಯನ್ನು ಮೇಲೆಯೇ ಬಿಟ್ಟು ಕೆಳಗೆ ಇಳಿಯಬೇಕು. ಮೋಟಾರ್ ಬಿಸಿಯಾಗಿ ತಣಿಯುವಾಗಲೆಲ್ಲ ಪೆಟ್ಟಿಗೆ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ, ಅದರೊಡನೆ ಮೀಥೇನ್ ಒಳಹೋಗುವುದು ಖಂಡಿತ ಎಂದೇ ವಿನ್ಯಾಸಕಾರರು ಎಣಿಸುತ್ತಾರೆ. ಗಾಳಿಯಲ್ಲಿ ನೂರಕ್ಕೆ 5ರಿಂದ 15ರವರೆಗೆ ಮೀಥೇನ್ ಇದ್ದಾಗ ಅದು ಸ್ಫೋಟಿಸಬಲ್ಲದು. ಪೆಟ್ಟಿಗೆಯೊಳಗೆ ಅಂಥ ಸ್ಫೋಟವಾದರೆ ಮೊದಲನೆಯದಾಗಿ ಪೆಟ್ಟಿಗೆ ಒಡೆಯಬಾರದು. ಎರಡನೆಯದಾಗಿ, ಜೋಡಣೆಯ ಸಂದಿನಿಂದ ಹೊರನುಗ್ಗುವ ಜ್ವಾಲೆ ಹೊರಗಿನ ಅನಿಲವನ್ನು ಹೊತ್ತಿಸಬಾರದು. ಇದಕ್ಕಾಗಿ ಮುಚ್ಚಳ ಮತ್ತು ಪೆಟ್ಟಿಗೆಯ ಅಂಚುಗಳನ್ನು ಸುಮಾರು ಒಂದು ಇಂಚು ಅಗಲಕ್ಕೆ ನುಣ್ಣಗೆ ಮೆಷಿನ್ ಮಾಡಿ, ಅರ್ಧ ಮಿಲಿಮೀಟರಿಗೆ ಮೀರದ ಸಂದಿನೊಂದಿಗೆ ಬೋಲ್ಟಿನಿಂದ ಬಿಗಿದಿರುತ್ತಾರೆ. ಉರಿಯುವ ಅನಿಲ ಈ ಕಿರಿದಾದ ಉದ್ದ ಸಂದಿನಲ್ಲಿ ಹಾದು ಹೊರಬರುವಷ್ಟರಲ್ಲಿ ತಣ್ಣಗಾಗಿರುತ್ತದೆ.

ಹೊಸಬರು ಮಾಡುವ ಅಪಾಯಕಾರಿ ಉಪಕಾರವೊಂದನ್ನು ಇಲ್ಲಿ ಹೇಳಬೇಕು. ಧೂಳು ಒಳಹೋಗುತ್ತದೆಂದು ಆ ಸಂದಿಗೆ ರಬ್ಬರಿನ ಪ್ಯಾಕಿಂಗ್ ಕೊಡಲು, ತುಕ್ಕು ಹಿಡಿಯುತ್ತದೆಂದು ಅಂಚಿಗೆ ಪೇಂಟ್ ಬಳಿಯಲು ಅವರ ಕೈ ತುಡಿಯುತ್ತದೆ. ಸ್ಫೋಟದ ಒತ್ತಡಕ್ಕೆ ಅಂಥ ಪ್ಯಾಕಿಂಗ್ ಹಾರಿಹೋಗಿ ದೊಡ್ಡ ಕಿಂಡಿಯೇ ತೆರೆಯುತ್ತದೆ. ಪ್ರತಿ ತಪಾಸಣೆಯಲ್ಲಿ ಫೀಲರ್ ಗೇಜಿನ ತೆಳು ಎಲೆಯನ್ನು ಅಂಚಿನ ಸುತ್ತಲೂ, ಬೋಲ್ಟ್ ಬೋಲ್ಟಿನ ನಡುವೆ, ತೂರಿಸಿ ನೋಡುತ್ತಾರೆ; ಮಿತಿಯ ಎಲೆ ಒಂದೇ ಒಂದು ಕಡೆ ಒಳಹೊಕ್ಕರೂ, ಒಂದು ಬೋಲ್ಟ್ ಇಲ್ಲದಿದ್ದರೂ ಆ ಯಂತ್ರ ಅಂದು ಓಡಬಾರದು. ಇದು ಕೇಳುವುದಕ್ಕೆ ಸಣ್ಣ ವಿಷಯ, ಗಣಿಯ ಎಲೆಕ್ಟ್ರಿಷಿಯನ್ನನ ಯೋಗ್ಯತೆಯನ್ನು ಮಾತ್ರ ನಾನು ಇದರಲ್ಲಿಯೇ ಅಳೆಯುತ್ತೇನೆ.

ಇನ್ನು ಕೇಬಲ್. ಗೋಡೆಯಿಂದ ಸ್ವಲ್ಪ ಹಿಂದೆ ಇಟ್ಟಿರುವ ಗೇಟ್‌ಎಂಡ್ ಬಾಕ್ಸ್ ಎಂಬ ಸ್ವಿಚ್ಚಿನಿಂದ ಯಂತ್ರದವರೆಗೆ, ಅದು ಸರಿದಂತೆ ಎಳೆದುಕೊಂಡು ಹೋಗುವ ರಬ್ಬರಿನ ಟ್ರೇಲಿಂಗ್ ಕೇಬಲ್ ಇರುತ್ತದೆ. ಅದರಲ್ಲಿ ಮೂರು ಫೇಸುಗಳಲ್ಲದೆ ಅರ್ತ್ ಮತ್ತು ಪೈಲಟ್ ಎಂಬ ತಂತಿಗಳಿವೆ. ಯಂತ್ರದ ಮೇಲಿನ ಬಟನ್ ಈ ಪೈಲಟ್ ಮೂಲಕ ದೂರದ ಸ್ವಿಚ್ಚನ್ನು ನಡೆಸುತ್ತದೆ. ಅರ್ತ್ ಕಡಿದರೂ, ಪ್ಲಗ್ ಕಳಚಿದರೂ ಪೈಲಟ್ ಸತ್ತು ಸ್ವಿಚ್ಚು ತಾನೇ ಬೀಳುತ್ತದೆ. ನಮ್ಮ ಗಣಿಗಳಲ್ಲಿ ಈ ಯಂತ್ರಗಳಿಗೆ ಬಹುಕಾಲ 550 ವೋಲ್ಟಿನ ಮೂರು ಫೇಸಿನ ವಿದ್ಯುತ್ತು ಬಳಕೆಯಲ್ಲಿತ್ತು. ಕೇಬಲ್ ಉದ್ದವಾದಂತೆ ವೋಲ್ಟೇಜ್ ಇಳಿಯುತ್ತದೆ, ಇಂಡಕ್ಷನ್ ಮೋಟಾರಿನ ತಿರುಚುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ನೂರಕ್ಕೆ 10 ಇಳಿದರೆ ಬಲ ನೂರಕ್ಕೆ 19 ಕುಸಿಯುತ್ತದೆ. ಟ್ರಾನ್ಸ್‌ಫಾರ್ಮರನ್ನು ಕೆಲಸದ ಜಾಗದ ಹಿಂದೆಯೇ ಸಾಗಿಸುತ್ತ ಹೋಗಬೇಕಾದುದು ಇದಕ್ಕಾಗಿ. ಗಾಳಿಯಲ್ಲಿ ಮೀಥೇನ್ ನೂರಕ್ಕೆ 1.25 ಮೀರಿದರೆ ಪೆಟ್ಟಿಗೆ ಎಷ್ಟೇ ಭದ್ರವಿರಲಿ, ವಿದ್ಯುತ್ತನ್ನು ಕಡಿಯಲೇಬೇಕೆಂಬುದು ಕಾನೂನು.

ದೊಡ್ಡ ಮೋಟಾರಿಗಿಂತ ಸಣ್ಣ ತಂತಿಯೇ ಕಾಡಿದ ನಿದರ್ಶನವೂ ಇದೆ. 1913ರ ಅಕ್ಟೋಬರ್ 14ರಂದು ವೇಲ್ಸ್‌ನ ಸೆಂಗೆನಿತ್ ಗಣಿಯಲ್ಲಿ ನಡೆದ ಸ್ಫೋಟದಲ್ಲಿ 439 ಗಣಿಗಾರರು ಸತ್ತರು. ಕಾರಣ ಖಚಿತವಾಗಿ ಇತ್ಯರ್ಥವಾಗಲಿಲ್ಲವಾದರೂ, ಸಂಜ್ಞೆಯ ಗಂಟೆ ಬಾರಿಸುವ ಬ್ಯಾಟರಿಯ ತಂತಿಗಳ ಕಿಡಿಯ ಮೇಲೆ ಸಂಶಯ ಬಿದ್ದಿತು. ಅದರ ಬೆನ್ನಿಗೆ ನಡೆದ ಪ್ರಯೋಗಗಳಿಂದಲೇ, ಕಿಡಿ ಹಾರಿದರೂ ಅನಿಲವನ್ನು ಹೊತ್ತಿಸುವಷ್ಟು ಶಕ್ತಿ ಅದರಲ್ಲಿ ಇರದಂತೆ ವಿದ್ಯುತ್ ಮಂಡಲವನ್ನು (ಸರ್ಕ್ಯೂಟನ್ನು) ರಚಿಸುವ ಪದ್ಧತಿ ಬೆಳೆಯಿತು. ಇಂದಿನ ಪೈಲಟ್ ಮಂಡಲಗಳು ಆ ಜಾತಿಯವು.

ಪ್ರಶ್ನೆ: ಈ ಯಂತ್ರಗಳು ನಮ್ಮ ದೇಶದಲ್ಲಿ ಈಗಲೂ ಇವೆಯೇ? ಕೋಲಾರದ ಚಿನ್ನದ ಗಣಿಯಲ್ಲಿಯೂ ಬಳಸುತ್ತಿದ್ದರೇ?
– ನೀರ್ಚಾಲಿನ ನಿವೃತ್ತ ಅಧ್ಯಾಪಿಕೆಯೊಬ್ಬರು

ಉತ್ತರ: ಕೋಲಾರಕ್ಕೆ 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಬಂದಿತ್ತಾದರೂ, ಅಲ್ಲಿಯ ಚಿನ್ನವಿದ್ದುದು ಗಟ್ಟಿಯಾದ ಬೆಣಚುಕಲ್ಲಿನಲ್ಲಿ. ಉಳಿ ಕೂರಿಸಿದ ಚೈನಿಗೆ ಅದು ಬಗ್ಗದು. ತೂತು ಕೊರೆದು ಮದ್ದು ಹಾರಿಸುವುದೊಂದೇ ದಾರಿಯಾಗಿತ್ತು.

ಕಲ್ಲಿದ್ದಲಿನಲ್ಲಿಯೂ ಸೀಳು ಮಾಡುವ ಯಂತ್ರದ ಕಾಲ ಬಹುಮಟ್ಟಿಗೆ ಮುಗಿದಿದೆ. ಸೀಳಿಲ್ಲದ ಗೋಡೆಯನ್ನೇ ಹಾರಿಸಬಲ್ಲ, ಅನಿಲಕ್ಕೆ ಬೆಂಕಿ ತಗಲಿಸದ ಪಿ-5 ದರ್ಜೆಯ ಸಿಡಿಮದ್ದುಗಳು ಬಂದ ಮೇಲೆ ಗಣಿಗಳು ಯಂತ್ರವನ್ನು ಒಂದು ಗ್ಯಾಲರಿಯಿಂದ ಇನ್ನೊಂದಕ್ಕೆ ಸಾಗಿಸುವ ರಗಳೆಯನ್ನೇ ಕೈಬಿಟ್ಟವು. ಖರ್ಚಿನ ಲೆಕ್ಕದಲ್ಲಿ ಅದು ಸರಿಯಿರಬಹುದು. ಛಾವಣಿಯ ಆರೋಗ್ಯದ ಲೆಕ್ಕದಲ್ಲಿ ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಅನಂತರ ಬಂದ ವಿದ್ಯುತ್ ಯಂತ್ರಗಳು ಉದುರಿದ ಕಲ್ಲಿದ್ದಲನ್ನು ಬಾಚಿ ತುಂಬುವ ಎಸ್‌ಡಿಎಲ್ ಮತ್ತು ಎಲ್‌ಎಚ್‌ಡಿಗಳು. ಕತ್ತರಿಸುವುದು, ತುಂಬುವುದು ಎರಡನ್ನೂ ಮದ್ದಿನ ಹಂಗಿಲ್ಲದೆ ಮಾಡುವ ಯಂತ್ರಗಳಲ್ಲಿ ಲಾಂಗ್‌ವಾಲ್ ಶಿಯರರ್ 1978ರಲ್ಲಿ ಝರಿಯಾದ ಮೂನಿಡಿಹ್ ಗಣಿಗೂ, ಗ್ಯಾಲರಿಯಲ್ಲಿ ಓಡುವ ಕಂಟಿನ್ಯುಯಸ್ ಮೈನರ್ 2002ರಲ್ಲಿ ಛತ್ತೀಸಗಡದ ಚಿರಿಮಿರಿಗೂ ಬಂದವು. ಆದರೆ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಇಂದು ತೆರೆದ ಗಣಿಗಳಿಂದಲೇ ಬರುತ್ತಿದೆ.

ಪ್ರಶ್ನೆ: ಕೇಬಲ್ಲಿನ ತೊಂದರೆ ಇಷ್ಟಿರುವಾಗ ಬ್ಯಾಟರಿಯನ್ನೇ ಏಕೆ ಬಳಸಬಾರದು?
– ಕುಂಬಳೆಯ ವಿದ್ಯಾರ್ಥಿಯೊಬ್ಬರು

ಉತ್ತರ: ಗಣಿಯೊಳಗೆ ಓಡಾಡುವ ಲೋಕೋಮೋಟಿವ್‌ಗಳಿಗೆ ಬಳಸುತ್ತಾರೆ. ಕತ್ತರಿಸುವ ಯಂತ್ರ ಮಾತ್ರ ಒಂದೇ ಗೋಡೆಯ ಮುಂದೆ ನಿಂತು ಪಾಳಿಯುದ್ದಕ್ಕೂ ಭಾರೀ ಕರೆಂಟ್ ಎಳೆಯುವಂಥದು. ಅಷ್ಟನ್ನು ಹೊರುವ ಬ್ಯಾಟರಿಯನ್ನು ಅದರ ಮೇಲೆ ಹೇರಿದರೆ ಯಂತ್ರ ಆ ಗ್ಯಾಲರಿಯಲ್ಲಿ ಹಿಡಿಸದು. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುವುದರಿಂದ, ಅದಕ್ಕೆಂದೇ ಗಾಳಿಯಾಡುವ ಬೇರೆ ಕೋಣೆಯನ್ನೂ ಒಳಗೆ ಕೊರೆಯಬೇಕಾಗುತ್ತದೆ.