ನಿಮ್ಮ ಕುದುರೆ ಲೇಖನದ ಬಗ್ಗೆ

ನಮಸ್ಕಾರ.

'ಕುದುರೆಯ ಕಾಲುಬೇನೆ: ಕಾರಣ ಮತ್ತು ಪರಿಹಾರ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದದ ಉತ್ತರ.

ಮೊದಲ ಮೂರು ಪುಟದಲ್ಲಿ ಅಶ್ವಮೇಧ, ಟಿಪ್ಪು ಕಾಲದ ಕುಣಿಗಲ್ ಫಾರಂ, ರಾಣಾ ಪ್ರತಾಪನ ಚೇತಕ್ ಎಲ್ಲಾ ಬಂದುಹೋಗುತ್ತವೆ. ನಿಮ್ಮ ಕುದುರೆ ಬರುವುದು ನಾಲ್ಕನೇ ಪುಟದಲ್ಲಿ. ರೇಸ್ ಬಿಟ್ಟು ಸವಾರಿ ಶಾಲೆಗೆ ಬಂದ 11 ವರ್ಷದ ಥರೋಬ್ರೆಡ್ ತಳಿಯ ಕುದುರೆ, ಬಲ ಮುಂಗಾಲು ಕುಂಟುತ್ತಿದೆ. ಅಲ್ಲಿಂದಲೇ ಶುರು ಮಾಡಿ. ಚೇತಕ್‌ಗೆ ಇಲ್ಲೇನು ಕೆಲಸ?

ಈ ಕಾಲುಬೇನೆಯ ಮೂಲವಾದ ನೇವಿಕ್ಯುಲರ್ ಮೂಳೆಯ ವರ್ಣನೆ ಪಠ್ಯಪುಸ್ತಕದಿಂದ ಎತ್ತಿದಂತಿದೆ. ಓದುಗರಿಗೆ ಇಷ್ಟು ಸಾಕು: ಗೊರಸಿನೊಳಗೆ, ಹಿಂಭಾಗದಲ್ಲಿ, ಒಂದು ಚಿಕ್ಕ ಮೂಳೆ. ಕಾಲಿನ ಹಿಂದಿನಿಂದ ಇಳಿಯುವ ದಪ್ಪ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ನಾರು), ರಾಟೆ ಮೇಲೆ ಹಗ್ಗ ಹಾದ ಹಾಗೆ, ಅದರ ಮೇಲೆ ಹಾದು ಗೊರಸಿನ ದೊಡ್ಡ ಮೂಳೆಗೆ ಸೇರುತ್ತದೆ. ನಡುವೆ ದ್ರವದ ಸಣ್ಣ ಚೀಲ. ಇವುಗಳಲ್ಲಿ ಯಾವುದು ಕೆಟ್ಟರೂ ಹಿಮ್ಮಡಿ ಕಡೆ ನೋವು. ಮೈಭಾರದ ಸುಮಾರು ಶೇ. 60 ಭಾಗ ಮುಂಗಾಲುಗಳ ಮೇಲೇ ಬೀಳುತ್ತದೆ, ಹಾಗಾಗಿ ಕಾಯಿಲೆಯೂ ಹೆಚ್ಚಾಗಿ ಅಲ್ಲೇ.

ಲೇಖನದ ಜೀವ ಇರುವುದು ಆರನೇ ಪುಟದಲ್ಲಿ. "ಡಾಕ್ಟರು ಬಲಗಾಲು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು, ಆಗ ಎಡಗಾಲು ಕುಂಟತೊಡಗಿತು" ಎಂದು ಒಂದೇ ಸಾಲು ಬರೆದು ಮುಂದಕ್ಕೆ ಓಡಿದ್ದೀರಿ. ಅಯ್ಯೋ, ಅಲ್ಲಿ ನಿಲ್ಲಬೇಕಿತ್ತು! ಇದನ್ನು ಓದಿದವರು ಡಾಕ್ಟರೇ ಏನೋ ಎಡವಟ್ಟು ಮಾಡಿದರು ಅಂದುಕೊಳ್ಳುತ್ತಾರೆ. ಆದದ್ದು ಬೇರೆ ಅಲ್ವಾ? ಎರಡೂ ಗೊರಸು ಮೊದಲಿಂದಲೂ ನೋಯುತ್ತಿದ್ದವು. ಜಾಸ್ತಿ ನೋಯುವ ಕಾಲಿನ ಕುಂಟು ಮಾತ್ರ ಕಣ್ಣಿಗೆ ಬೀಳುತ್ತಿತ್ತು. ಅದು ಮರಗಟ್ಟಿದ ಕೂಡಲೇ ಇನ್ನೊಂದರದ್ದು ಬಯಲಾಯಿತು. ಅಲ್ಲಿವರೆಗೆ ನೀವೆಲ್ಲ ಬಲಗಾಲನ್ನೇ ನೋಡುತ್ತಿದ್ದಿರಿ. 'ಸೋಮಾರಿ ಕುದುರೆ' ಅಂತ ಬೈದವರೂ ಇದ್ದರೆಂದು ಬರೆದಿದ್ದೀರಿ. ಆ ದಿನಗಳು ಹೇಗಿದ್ದವು? ಹೆಜ್ಜೆ ಚಿಕ್ಕದಾಗಿತ್ತೇ? ಹಿಮ್ಮಡಿಗೆ ಭಾರ ಬೀಳದಂತೆ ಗೊರಸಿನ ತುದಿಯನ್ನು ಮೊದಲು ಊರುತ್ತಿತ್ತೇ? ನಿಂತಾಗ ಕಾಲು ಮುಂದೆ ಚಾಚುತ್ತಿತ್ತೇ? ಗಟ್ಟಿ ನೆಲದಲ್ಲಿ ಸುತ್ತು ಹೊಡೆಸಿದಾಗ ಏನಾಗುತ್ತಿತ್ತು? ದಿನಾ ಮೈ ಉಜ್ಜುವ ನಿಮಗಲ್ಲದೆ ಇದೆಲ್ಲ ಇನ್ಯಾರಿಗೆ ಗೊತ್ತು?

ಎರಡು ಮಾತು ಅಚ್ಚಿಗೆ ಹೋಗಲು ಬಿಡುವುದಿಲ್ಲ. "ನರ ಕತ್ತರಿಸಿದರೆ ಕಾಯಿಲೆ ಪೂರ್ತಿ ಗುಣ" ಎಂದಿದ್ದೀರಿ. ಗುಣವಾಗುವುದಿಲ್ಲ, ನೋವು ತಿಳಿಯುವುದಿಲ್ಲ ಅಷ್ಟೇ. ಒಳಗಿನ ಸವೆತ ನಡೆದೇ ಇರುತ್ತದೆ. ಮೊಳೆ ಚುಚ್ಚಿದರೂ ಕುದುರೆಗೆ ಗೊತ್ತಾಗದೆ ಹೋಗಬಹುದು, ಹಾಗಾಗಿ ದಿನಾ ಗೊರಸು ಎತ್ತಿ ನೋಡಲೇಬೇಕು. ಟೆಂಡನ್ ಹರಿಯುವ ಅಪಾಯವಿದೆ. ನರ ಮತ್ತೆ ಬೆಳೆದು ನೋವು ಮರಳುವುದೂ ಉಂಟು. ಎರಡನೆಯದು ಬ್ಯೂಟ್ ಎಂಬ ನೋವಿನ ಮದ್ದಿನ ಪ್ರಮಾಣ. ತೆಗೆದುಹಾಕಿ. ಹೆಚ್ಚಾದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು. ಯಾರಾದರೂ ಓದಿ ಸುಮ್ನೆ ತಿನ್ನಿಸಿಬಿಟ್ಟರೆ?

ನನಗೆ ನಿಜಕ್ಕೂ ಬೇಜಾರಾದದ್ದು ಲಾಳ ಹೊಡೆಯುವವರ ವಿಷಯದಲ್ಲಿ. ಅರ್ಧ ಸಾಲಿನಲ್ಲಿ ಬಂದು ಹೋಗುತ್ತಾರೆ. ಈ ಕಾಯಿಲೆಯಲ್ಲಿ ಡಾಕ್ಟರಷ್ಟೇ ಮುಖ್ಯ ಅವರು. ಗೊರಸು ಮುಂದಕ್ಕೆ ಉದ್ದ ಬೆಳೆದು ಹಿಮ್ಮಡಿ ತಗ್ಗಿದಷ್ಟೂ ಟೆಂಡನ್ ಆ ಚಿಕ್ಕ ಮೂಳೆಯನ್ನು ಜಾಸ್ತಿ ಒತ್ತುತ್ತದೆ. ಅದಕ್ಕೇ 4ರಿಂದ 6 ವಾರಕ್ಕೊಮ್ಮೆ ಅವರು ಮುಂಭಾಗ ಕೆತ್ತಿ ಗಿಡ್ಡ ಮಾಡುತ್ತಾರೆ, ಹಿಂದೆ ಬಾಯಿ ಮುಚ್ಚಿದ ಮೊಟ್ಟೆಯಾಕಾರದ ಲಾಳವನ್ನೋ, ಹಿಮ್ಮಡಿ ಎತ್ತರಿಸುವ ಪ್ಯಾಡನ್ನೋ ಹಾಕುತ್ತಾರೆ. ಗೊರಸು ತಿಂಗಳಿಗೆ ಹೆಚ್ಚೆಂದರೆ 1 ಸೆಂ.ಮೀ. ಬೆಳೆಯುತ್ತದೆ, ಆಕಾರ ಪೂರ್ತಿ ತಿದ್ದಲು ವರ್ಷವೇ ಹಿಡಿಯಬಹುದು. ಅವರ ಜೊತೆ ಕೂತು ಮಾತಾಡಿ. ಮೊದಲ ಸಲ ಆ ಗೊರಸು ನೋಡಿ ಅವರಿಗೆ ಏನನ್ನಿಸಿತು, ಕೇಳಿ ಬರೆಯಿರಿ.

"ಮೂಕಪ್ರಾಣಿಗಳ ನೋವನ್ನು ಅರಿಯೋಣ" ಎನ್ನುವ ಕೊನೆಯ ಪ್ಯಾರಾ ಬೇಡವೇ ಬೇಡ. ಆ ಜಾಗದಲ್ಲಿ ಕುದುರೆ ಈಗ ಹೇಗಿದೆ ಅಂತ ಹೇಳಿ. ಅದೊಂದನ್ನು ನೀವು ಎಲ್ಲೂ ಹೇಳಿಲ್ಲ! ಮೆತ್ತನೆ ಮಣ್ಣಿನಲ್ಲಿ ದಿನಾ ಸ್ವಲ್ಪ ಹೊತ್ತು ನಡೆಯುತ್ತದೆ, ಜಿಗಿತ ನಿಂತಿದೆ ಅಂದರೆ ಅಷ್ಟನ್ನೇ ಬರೆಯಿರಿ.

1200 ಪದದೊಳಗೆ ತಿದ್ದಿ ಕಳಿಸಿ. ಎಕ್ಸ್‌ರೇ ಚಿತ್ರ ಅಚ್ಚಿನಲ್ಲಿ ಕಾಣುವುದಿಲ್ಲ. ಹಳೆಯ ಲಾಳ, ಹೊಸ ಲಾಳ ಪಕ್ಕಪಕ್ಕ ಇಟ್ಟು ಒಂದು ಫೋಟೊ ತೆಗೆದು ಕಳಿಸಿದರೆ ಹಾಕುತ್ತೇವೆ.

ಸಂಪಾದಕ